ವಸಡಿನ ಚಿಕಿತ್ಸೆಯಲ್ಲಿ ಅಲ್ಪಶಕ್ತಿಯ ಲೇಸರ್: ತಿಳಿದಿರಬೇಕಾದ ಅಂಶಗಳು

ಹಲ್ಲುಜ್ಜುವಾಗ ರಕ್ತ ಬರುವುದು, ವಸಡು ಊದಿಕೊಳ್ಳುವುದು ವಸಡು ರೋಗದ ಮೊದಲ ಲಕ್ಷಣಗಳು. ಇದರ ಚಿಕಿತ್ಸೆಯಲ್ಲಿ ಲೇಸರ್ ಸಹ ಬಳಕೆಗೆ ಬಂದಿರುವುದರಿಂದ, ಅದು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದನ್ನು ಸಾರ್ವಜನಿಕರು ಅರಿತಿರುವುದು ಅವಶ್ಯ.

ಅಧಿಕ ಶಕ್ತಿಯ ಲೇಸರ್ ತನ್ನ ಶಾಖದಿಂದ ಅಂಗಾಂಶವನ್ನು ಕತ್ತರಿಸುತ್ತದೆ. ಅಲ್ಪಶಕ್ತಿಯ ಲೇಸರ್ ಕತ್ತರಿಸುವುದೂ ಇಲ್ಲ, ಸುಡುವುದೂ ಇಲ್ಲ. ಅದರ ಸಾಮರ್ಥ್ಯ ಸಾಮಾನ್ಯವಾಗಿ 500 ಮಿಲಿವ್ಯಾಟ್‌ಗಿಂತ ಕಡಿಮೆ. ತರಂಗಾಂತರ ಸುಮಾರು 600ರಿಂದ 1000 ನ್ಯಾನೊಮೀಟರ್. ಅಂದರೆ ಕೆಂಪು ಬೆಳಕು ಅಥವಾ ಕಣ್ಣಿಗೆ ಕಾಣದ ಅವಕೆಂಪು ಕಿರಣ. 1967ರಲ್ಲಿ ಹಂಗೇರಿಯ ವೈದ್ಯ ಎಂಡ್ರೆ ಮೆಸ್ಟರ್ ಅವರು ಕೂದಲು ಬೋಳಿಸಿದ ಇಲಿಗಳ ಚರ್ಮಕ್ಕೆ ಇಂತಹ ಬೆಳಕು ಹಾಯಿಸಿದಾಗ ಕೂದಲು ಬೇಗ ಬೆಳೆಯಿತು. ಈ ಚಿಕಿತ್ಸಾ ಪದ್ಧತಿಗೆ ಆ ಪ್ರಯೋಗವೇ ಬುನಾದಿ.

ಜೀವಕೋಶಗಳಲ್ಲಿ ಶಕ್ತಿ ಉತ್ಪಾದಿಸುವ ಭಾಗ ಮೈಟೊಕಾಂಡ್ರಿಯಾ. ಅದರಲ್ಲಿರುವ ಒಂದು ಕಿಣ್ವವು ಈ ಬೆಳಕನ್ನು ಹೀರಿಕೊಂಡಾಗ ಕೋಶದ ಶಕ್ತಿಮೂಲವಾದ ಎಟಿಪಿಯ ಉತ್ಪಾದನೆ ಹೆಚ್ಚುತ್ತದೆ ಎಂಬುದು ಪ್ರಮುಖ ವಿವರಣೆ. ಇದರಿಂದ ವಸಡಿನ ಫೈಬ್ರೊಬ್ಲಾಸ್ಟ್ ಕೋಶಗಳು ಚುರುಕುಗೊಂಡು, ಗಾಯ ಕೂಡಿಸುವ ಕೊಲಾಜನ್ ತಯಾರಾಗಲು ನೆರವಾಗುತ್ತದೆ; ನೋವು ಮತ್ತು ಊತ ತಗ್ಗಬಹುದು. ಆದರೆ ಬೆಳಕಿನ ಪ್ರಮಾಣ ಮಿತಿಯಲ್ಲಿರಬೇಕು. ಕಡಿಮೆಯಾದರೆ ಫಲವಿಲ್ಲ, ಅತಿಯಾದರೆ ಕೋಶಗಳ ಚಟುವಟಿಕೆ ಕುಗ್ಗುತ್ತದೆ.

ಮುಖ್ಯವಾಗಿ ಗಮನಿಸಬೇಕಾದುದು, ವಸಡು ರೋಗದ ಮೂಲವು ಹಲ್ಲಿನ ಬುಡದಲ್ಲಿ ಸೇರುವ ರೋಗಾಣುಭರಿತ ಪಾಚಿ. ಅದು ಕಲ್ಲಿನಂತೆ ಗಟ್ಟಿಯಾದ ಮೇಲೆ ಬ್ರಷ್‌ನಿಂದ ಹೋಗದು; ಅಲ್ಪಶಕ್ತಿಯ ಲೇಸರ್ ಕೂಡ ಅದನ್ನು ತೆಗೆಯಲಾರದು. ದಂತವೈದ್ಯರು ಉಪಕರಣದಿಂದಲೇ ಶುಚಿಗೊಳಿಸಬೇಕು. ಲೇಸರ್ ಆ ನಂತರದ ಪೂರಕ ಚಿಕಿತ್ಸೆ ಮಾತ್ರ. ಮೂಲ ಉಳಿದು ನೋವಷ್ಟೇ ಶಮನವಾದರೆ, ಹಲ್ಲನ್ನು ಹಿಡಿದಿರುವ ಮೂಳೆ ಸದ್ದಿಲ್ಲದೆ ಸವೆದು ಹಲ್ಲು ಸಡಿಲವಾಗುತ್ತದೆ.

ಆದ್ದರಿಂದ ಗ್ರಾಮ ಸಭೆ ಹಾಗೂ ಆರೋಗ್ಯ ಶಿಬಿರಗಳಲ್ಲಿ ಈ ಕೆಳಗಿನ ಅಂಶಗಳನ್ನು ತಿಳಿಸುವುದು ಸೂಕ್ತ:

1. ಲೇಸರ್‌ಗೆ ಹಣ ತೆರುವ ಮೊದಲು, ಹಲ್ಲು ಶುಚಿಗೊಳಿಸುವ ಚಿಕಿತ್ಸೆ ಆಗಿದೆಯೇ ಎಂದು ವೈದ್ಯರಲ್ಲಿ ವಿಚಾರಿಸಬೇಕು.

2. ಚಿಕಿತ್ಸೆಯ ವೇಳೆ ವೈದ್ಯರು ಹಾಗೂ ರೋಗಿ ಇಬ್ಬರೂ ರಕ್ಷಣಾ ಕನ್ನಡಕ ಧರಿಸಿರಬೇಕು.

3. ಬಾಯಿಯಲ್ಲಿ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದಲ್ಲಿ, ಅದು ಕ್ಯಾನ್ಸರ್ ಅಲ್ಲವೆಂದು ಖಚಿತವಾಗುವ ಮುನ್ನ ಅಲ್ಲಿಗೆ ಲೇಸರ್ ಹಾಯಿಸಿಕೊಳ್ಳಬಾರದು. ತಂಬಾಕು, ಅಡಿಕೆ ಜಗಿಯುವವರು ವಿಶೇಷ ಎಚ್ಚರ ವಹಿಸಬೇಕು.

4. ಸಕ್ಕರೆ ಕಾಯಿಲೆ ನಿಯಂತ್ರಣದಲ್ಲಿಲ್ಲದಿದ್ದರೆ ವಸಡು ರೋಗ ಉಲ್ಬಣಿಸುತ್ತದೆ. ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು.

5. ದಿನಕ್ಕೆರಡು ಬಾರಿ ಹಲ್ಲುಜ್ಜುವ ಅಭ್ಯಾಸಕ್ಕೆ ಯಾವ ಯಂತ್ರವೂ ಬದಲಿಯಲ್ಲ.