ಆಸ್ಪತ್ರೆ ವಾರ್ಡುಗಳ ವಾತಾಯನ

ಆಸ್ಪತ್ರೆ ವಾರ್ಡುಗಳ ವಾತಾಯನ ಎಂದರೆ ರೋಗಿಗಳು ತಂಗುವ ಕೊಠಡಿಯ ಒಳಗಾಳಿಯನ್ನು ಹೊರಹಾಕಿ ಅದರ ಸ್ಥಾನದಲ್ಲಿ ಹೊರಗಿನ ಗಾಳಿಯನ್ನು ತುಂಬುವ ವ್ಯವಸ್ಥೆ. ಕ್ಷಯ, ದಡಾರ, ಕೋವಿಡ್-19 ಮುಂತಾದ ಗಾಳಿಯ ಮೂಲಕ ಹರಡುವ ರೋಗಗಳು ಒಬ್ಬ ರೋಗಿಯಿಂದ ಪಕ್ಕದ ಹಾಸಿಗೆಯವರಿಗೆ, ಶುಶ್ರೂಷಕಿಯರಿಗೆ ಹಾಗೂ ರೋಗಿಯ ಜೊತೆಗಿರುವ ಬಂಧುಗಳಿಗೆ ತಗಲುವುದನ್ನು ಕಡಿಮೆ ಮಾಡುವುದು ಇದರ ಉದ್ದೇಶ. ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್‌ನಂತಹ ತಾಲ್ಲೂಕು ಕೇಂದ್ರಗಳ ಆಸ್ಪತ್ರೆಗಳಲ್ಲಿ ಯಂತ್ರಚಾಲಿತ ವ್ಯವಸ್ಥೆಗಿಂತ ಕಿಟಕಿ ಬಾಗಿಲುಗಳ ಮೂಲಕ ನಡೆಯುವ ನೈಸರ್ಗಿಕ ವಾತಾಯನವೇ ಹೆಚ್ಚು ಪ್ರಸ್ತುತವಾಗಿದೆ.

ಹಿನ್ನೆಲೆ

ಕೆಮ್ಮಿದಾಗ, ಮಾತನಾಡಿದಾಗ ಹೊರಬೀಳುವ ಅತಿ ಸೂಕ್ಷ್ಮ ಕಣಗಳು ನೆಲಕ್ಕೆ ಬೀಳದೆ ಬಹಳ ಹೊತ್ತು ಗಾಳಿಯಲ್ಲಿ ತೇಲುತ್ತವೆ. ದಡಾರದ ವೈರಾಣು ರೋಗಿ ಕೊಠಡಿಯಿಂದ ಹೊರಟುಹೋದ ಮೇಲೂ ಎರಡು ಗಂಟೆಗಳವರೆಗೆ ಅಲ್ಲಿನ ಗಾಳಿಯಲ್ಲಿ ಉಳಿಯಬಲ್ಲದು. ಕ್ಷಯದ ವಿಷಯದಲ್ಲಿ ಇದನ್ನು 1950ರ ದಶಕದಲ್ಲಿ ಆರಂಭವಾದ ಬಾಲ್ಟಿಮೋರಿನ ಪ್ರಯೋಗಗಳು ಖಚಿತಪಡಿಸಿದವು. ರಿಚರ್ಡ್ ರೈಲಿ ಮತ್ತು ವಿಲಿಯಂ ವೆಲ್ಸ್ ಅವರು ಆರು ಹಾಸಿಗೆಗಳ ಕ್ಷಯ ವಾರ್ಡಿನ ಗಾಳಿಯನ್ನು ಕೊಳವೆಗಳ ಮೂಲಕ ಮೇಲ್ಮಹಡಿಯ ಗಿನಿಯಿಲಿಗಳಿಗೆ ಹಾಯಿಸಿದರು. ರೋಗಿಗಳನ್ನು ಎಂದೂ ಕಾಣದ ಆ ಪ್ರಾಣಿಗಳಿಗೆ ಸೋಂಕು ತಗಲಿತು. ನೇರಳಾತೀತ ಕಿರಣ ಹಾಯ್ದ ಗಾಳಿಯನ್ನು ಉಸಿರಾಡಿದ ಗುಂಪು ಪಾರಾಯಿತು.

ತಾಲ್ಲೂಕು ಆಸ್ಪತ್ರೆಯಲ್ಲಿ ಅಪಾಯವಿರುವುದು ರೋಗ ಪತ್ತೆಯಾದ ಕ್ಷಯರೋಗಿಯಿಂದ ಅಷ್ಟಾಗಿ ಅಲ್ಲ. ಪರಿಣಾಮಕಾರಿ ಔಷಧ ಆರಂಭವಾದ ಮೇಲೆ ಆತನಿಂದ ಸೋಂಕು ಹರಡುವುದು ಬೇಗನೆ ತಗ್ಗುತ್ತದೆ. ಜ್ವರವೆಂದೋ ಸುಸ್ತೆಂದೋ ಸಾಮಾನ್ಯ ವಾರ್ಡಿಗೆ ದಾಖಲಾಗಿ, ಕಫ ಪರೀಕ್ಷೆ ಆಗುವ ಮುನ್ನ ರಾತ್ರಿಯಿಡೀ ಕೆಮ್ಮುತ್ತ ಮಲಗುವ ರೋಗಿಯದೇ ನಿಜವಾದ ತೊಡಕು. ಆತನ ಪಕ್ಕದಲ್ಲಿ ಸಕ್ಕರೆ ಕಾಯಿಲೆಯವರೋ ಎಳೆಯ ಮಗುವೋ ಇರಬಹುದು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದಲ್ಲಿರುವುದರಿಂದ ಇಂತಹ ಸಂದರ್ಭ ಅಪರೂಪವೇನಲ್ಲ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ನೆರೆಯ ಕಲಬುರಗಿಯಲ್ಲಿ ವರದಿಯಾದ ಮೇಲೆ ಈ ಭಾಗದ ಜನಕ್ಕೆ ‘ವೆಂಟಿಲೇಟರ್’ ಎಂದರೆ ಉಸಿರಾಟದ ಯಂತ್ರವೆಂಬ ಅರ್ಥವೇ ಗಟ್ಟಿಯಾಯಿತು. ಅದಕ್ಕೂ ಮೊದಲು ಆ ಪದ ಗೋಡೆಯ ಮೇಲ್ಭಾಗದ ಸಣ್ಣ ಗಾಳಿಕಿಂಡಿಗೆ ಸಲ್ಲುತ್ತಿತ್ತು.

ಗಾಳಿಯ ಲೆಕ್ಕ

ಕೊಠಡಿಯ ಒಟ್ಟು ಘನಗಾತ್ರದಷ್ಟು ಹೊಸ ಗಾಳಿ ಒಂದು ಗಂಟೆಯಲ್ಲಿ ಎಷ್ಟು ಸಲ ಒಳಬರುತ್ತದೆ ಎಂಬುದನ್ನು ‘ಗಂಟೆಗೆ ಗಾಳಿ ಬದಲಾವಣೆ’ ಎನ್ನುತ್ತಾರೆ. ಗಾಳಿಯಲ್ಲಿನ ಕಣಗಳ ಶೇ 99ರಷ್ಟು ಹೊರಹೋಗಲು ಗಂಟೆಗೆ 2 ಬದಲಾವಣೆಗಳಿದ್ದರೆ 138 ನಿಮಿಷ, 6 ಇದ್ದರೆ 46 ನಿಮಿಷ, 12 ಇದ್ದರೆ 23 ನಿಮಿಷ ಬೇಕಾಗುತ್ತದೆ. ಗಾಳಿ ಚೆನ್ನಾಗಿ ಬೆರೆಯುತ್ತಿದೆ, ಹೊಸದಾಗಿ ಯಾರೂ ಕೆಮ್ಮುತ್ತಿಲ್ಲ ಎಂಬ ಊಹೆಯ ಮೇಲೆ ನಿಂತ ಲೆಕ್ಕವಿದು.

ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ನೈಸರ್ಗಿಕ ವಾತಾಯನಕ್ಕೆ ಬೇರೆ ಅಳತೆ ಬಳಸುತ್ತದೆ: ಸಾಮಾನ್ಯ ವಾರ್ಡಿನಲ್ಲಿ ಪ್ರತಿ ರೋಗಿಗೆ ಸೆಕೆಂಡಿಗೆ 60 ಲೀಟರ್, ಗಾಳಿಯಿಂದ ಹರಡುವ ಸೋಂಕಿನ ರೋಗಿಗಳ ಕೊಠಡಿಯಲ್ಲಿ 160 ಲೀಟರ್. ಉದಾಹರಣೆಗೆ 10 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರದ ವಾರ್ಡಿನಲ್ಲಿ ಹತ್ತು ರೋಗಿಗಳಿದ್ದರೆ ಸೆಕೆಂಡಿಗೆ 600 ಲೀಟರ್ ಗಾಳಿ ಬೇಕು. ಅದು ಗಂಟೆಗೆ 12 ಬದಲಾವಣೆಗಳಿಗೆ ಸಮ. ಅದೇ ವಾರ್ಡಿನಲ್ಲಿ ಹದಿನೈದು ಹಾಸಿಗೆ ಹಾಕಿದರೆ ಅಗತ್ಯ 18ಕ್ಕೇರುತ್ತದೆ.

ಎದುರುಬದುರು ಕಿಟಕಿಗಳಿದ್ದಾಗ ಬರುವ ಗಾಳಿಯನ್ನು ಅಂದಾಜು ಮಾಡಲು ಸರಳ ಸೂತ್ರವಿದೆ. ಗಾಳಿಯ ವೇಗವನ್ನು (ಸೆಕೆಂಡಿಗೆ ಮೀಟರ್) ಎರಡು ಬದಿಗಳ ಪೈಕಿ ಕಡಿಮೆ ತೆರೆದಿರುವ ಬದಿಯ ವಿಸ್ತೀರ್ಣದಿಂದ (ಚದರ ಮೀಟರ್) ಗುಣಿಸಿ, ಬಂದದ್ದನ್ನು 0.65 ಮತ್ತು 1000ದಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಲೀಟರ್ ಎಂಬುದು ಸಿಗುತ್ತದೆ. ಸೆಕೆಂಡಿಗೆ 1 ಮೀಟರ್ ವೇಗದ ಮಂದ ಗಾಳಿಯಲ್ಲೂ ಮೇಲಿನ ವಾರ್ಡಿಗೆ ಪ್ರತಿ ಬದಿಯಲ್ಲಿ ಒಂದು ಚದರ ಮೀಟರಿಗಿಂತ ತುಸು ಕಡಿಮೆ ತೆರಪು ಸಾಕು. ಆದರೆ ಒಂದು ಬದಿಯ ಕಿಟಕಿಗಳನ್ನೆಲ್ಲ ಮುಚ್ಚಿದರೆ ಇನ್ನೊಂದು ಬದಿ ಎಷ್ಟೇ ತೆರೆದಿದ್ದರೂ ಅಡ್ಡಗಾಳಿ ನಿಂತುಹೋಗುತ್ತದೆ.

ಪೆರುವಿನ ಲಿಮಾ ನಗರದ ಎಂಟು ಆಸ್ಪತ್ರೆಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಕಿಟಕಿ ಬಾಗಿಲು ತೆರೆದಾಗ ಅಲ್ಲಿನ ಕೊಠಡಿಗಳಲ್ಲಿ ಗಂಟೆಗೆ 28 ಬದಲಾವಣೆಗಳು ದೊರೆತವು. ಎತ್ತರದ ಚಾವಣಿ, ದೊಡ್ಡ ಕಿಟಕಿಗಳ ಹಳೆಯ ಕಟ್ಟಡಗಳಲ್ಲಿ ಈ ಪ್ರಮಾಣ 40 ಇದ್ದರೆ, ಹೊಸ ಕಟ್ಟಡಗಳಲ್ಲಿ 17 ಮಾತ್ರ ಇತ್ತು.

ಸ್ಥಳೀಯ ಹವಾಗುಣ

ಸೂತ್ರದಲ್ಲಿ ಸುಲಭವಾಗಿ ಕಾಣುವುದು ಬೀದರ್ ಸೀಮೆಯಲ್ಲಿ ಸುಲಭವಲ್ಲ. ಮುಂಗಾರಿನಲ್ಲಿ ಪಶ್ಚಿಮ ಮತ್ತು ನೈಋತ್ಯದಿಂದ ಬಲವಾದ ಗಾಳಿ ಬೀಸುತ್ತದೆ, ಅದರೊಡನೆ ಮಳೆಯ ಎರಚಲೂ ಬರುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದರಿಂದ ಮಧ್ಯಾಹ್ನ ಕಿಟಕಿ ಮುಚ್ಚಲಾಗುತ್ತದೆ. ಡಿಸೆಂಬರ್–ಜನವರಿಯ ಚಳಿಗೆ ರಾತ್ರಿ ಮುಚ್ಚುತ್ತಾರೆ. ಉಳಿದ ಕಾಲದಲ್ಲಿ ಸೊಳ್ಳೆಗೆ ಹೆದರಿ ಮುಚ್ಚುತ್ತಾರೆ. ಹುಮನಾಬಾದ್ ರಾಷ್ಟ್ರೀಯ ಹೆದ್ದಾರಿ 65ರ ಮೇಲಿರುವ ಊರಾದ್ದರಿಂದ ರಸ್ತೆಬದಿಯ ಕಟ್ಟಡಗಳಿಗೆ ಧೂಳಿನ ಕಾಟವೂ ಸೇರುತ್ತದೆ. ರೋಗಿಗಳು ಕಿಟಕಿ ಮುಚ್ಚುವುದು ಅಜ್ಞಾನದಿಂದಲ್ಲ. ಈ ತೊಂದರೆಗಳನ್ನು ನಿವಾರಿಸದೆ ‘ಕಿಟಕಿ ತೆರೆದಿಡಿ’ ಎಂಬ ಫಲಕ ಹಾಕುವುದರಿಂದ ಪ್ರಯೋಜನ ಕಡಿಮೆ.

ಸುಧಾರಣಾ ಕ್ರಮಗಳು

ಕಿಟಕಿಗಳಿಗೆ ಅಗಲವಾದ ಸಜ್ಜಾ ಕಟ್ಟಿದರೆ ಎರಚಲು ಮತ್ತು ಬಿಸಿಲು ಎರಡೂ ತಗ್ಗುತ್ತವೆ. ಮಲಗಿದವರ ಮೈಗೆ ಚಳಿಗಾಳಿ ತಾಗದಂತೆ ಕೆಳಗಿನ ಕದ ಮುಚ್ಚಿ, ಮೇಲಿನ ಗಾಳಿಕಿಂಡಿಗಳನ್ನು ಎರಡೂ ಬದಿಗಳಲ್ಲಿ ಸದಾ ತೆರೆದಿರುವಂತೆ ಮಾಡಬಹುದು. ಬಿಸಿ ಗಾಳಿ ಮೇಲೇರುವುದರಿಂದ ಎತ್ತರದ ತೆರಪುಗಳು ಗಾಳಿ ಬೀಸದಿದ್ದಾಗಲೂ ಕೆಲಸ ಮಾಡುತ್ತವೆ. ಉತ್ತರ ಕರ್ನಾಟಕದ ಹಳೆಯ ಮನೆಗಳ ಬೆಳಕಿಂಡಿಯ ತತ್ವವೂ ಇದೇ. ಸೊಳ್ಳೆ ಪರದೆ ಅಗತ್ಯ, ಆದರೆ ಧೂಳು ಕಟ್ಟಿದ ಜಾಲರಿ ಗಾಳಿಯನ್ನು ಬಹುಮಟ್ಟಿಗೆ ತಡೆಯುವುದರಿಂದ ಅದನ್ನು ತೆಗೆದು ತೊಳೆಯುವಂತಿರಬೇಕು. ಜಾರುವ ಕಿಟಕಿಗಳಲ್ಲಿ ಅರ್ಧಭಾಗ ಮಾತ್ರ ತೆರೆಯುತ್ತದೆಂಬುದನ್ನು ಹೊಸ ಕಟ್ಟಡಗಳ ನಕ್ಷೆಯಲ್ಲಿ ಮರೆಯಲಾಗುತ್ತದೆ.

ಸೀಲಿಂಗ್ ಫ್ಯಾನ್ ಗಾಳಿಯನ್ನು ಬೆರೆಸುತ್ತದೆಯೇ ಹೊರತು ಬದಲಿಸುವುದಿಲ್ಲ. ಗೋಡೆಗೆ ಹಾಕುವ ಸಾಮಾನ್ಯ ಎ.ಸಿ. ಒಳಗಾಳಿಯನ್ನೇ ತಂಪುಗೊಳಿಸಿ ಮತ್ತೆ ಬಿಡುತ್ತದೆ, ಮೇಲಾಗಿ ಅದಕ್ಕಾಗಿ ಕಿಟಕಿಗಳನ್ನು ಮುಚ್ಚಬೇಕಾಗುತ್ತದೆ. ಎಕ್ಸಾಸ್ಟ್ ಫ್ಯಾನ್ ಉಪಯುಕ್ತ. ಆದರೆ ಅದನ್ನು ತೆರೆದ ಕಿಟಕಿಯ ಪಕ್ಕದಲ್ಲೇ ಕೂರಿಸಿದರೆ ಆ ಕಿಟಕಿಯ ಗಾಳಿಯನ್ನಷ್ಟೇ ಎಳೆದುಕೊಂಡು ವಾರ್ಡಿನ ಉಳಿದ ಭಾಗವನ್ನು ಮುಟ್ಟುವುದಿಲ್ಲ. ಅದು ಬಾಗಿಲಿಗೆ ಎದುರಾಗಿದ್ದು, ಜನ ಕಾಯುವ ಪಡಸಾಲೆಯತ್ತ ಗಾಳಿ ಬಿಡದಂತಿರಬೇಕು.

ಖರ್ಚಿಲ್ಲದ ಕ್ರಮಗಳೂ ಇವೆ. ಕೆಮ್ಮುವ ರೋಗಿಯ ಹಾಸಿಗೆಯನ್ನು ಗಾಳಿ ಹೊರಹೋಗುವ ಕಡೆಗೂ ಶುಶ್ರೂಷಕಿಯರ ಮೇಜನ್ನು ಗಾಳಿ ಒಳಬರುವ ಕಡೆಗೂ ಇಡುವುದು, ಕಫದ ಮಾದರಿಯನ್ನು ಬಯಲಿನಲ್ಲಿ ಸಂಗ್ರಹಿಸುವುದು, ಕೆಮ್ಮಿರುವವರನ್ನು ಸರದಿಯಲ್ಲಿ ಮೊದಲು ನೋಡಿ ಮುಖಗವಸು ಕೊಡುವುದು ಇವುಗಳಲ್ಲಿ ಮುಖ್ಯವಾದವು. ಗಾಳಿಯ ದಿಕ್ಕು ಋತುವಿನೊಂದಿಗೆ ಬದಲಾಗುವುದರಿಂದ ಹಾಸಿಗೆಯ ಜಾಗವನ್ನೂ ಆಗಾಗ ಪರಿಶೀಲಿಸಬೇಕು. ಉರಿಯುವ ಊದುಬತ್ತಿಯನ್ನು ಬಾಗಿಲು, ಕಿಟಕಿಗಳ ಬಳಿ ಹಿಡಿದರೆ ಹೊಗೆ ವಾಲುವ ದಿಕ್ಕಿನಿಂದ ಇದು ತಿಳಿಯುತ್ತದೆ. ಆಮ್ಲಜನಕ ಬಳಕೆಯಲ್ಲಿರುವ ವಾರ್ಡಿನಲ್ಲಿ ಮಾತ್ರ ಈ ಪರೀಕ್ಷೆ ಸಲ್ಲದು. ಅಲ್ಲಿ ಇಂಗಾಲದ ಡೈಆಕ್ಸೈಡ್ ಮಾಪಕವನ್ನು ಬಳಸಬಹುದು: ಹೊರಗಿನ ಗಾಳಿಯಲ್ಲಿ ದಶಲಕ್ಷಕ್ಕೆ ಸುಮಾರು 420 ಭಾಗವಿರುವ ಈ ಅನಿಲ ವಾರ್ಡಿನೊಳಗೆ ಅದರ ಹಲವು ಪಟ್ಟು ಇದ್ದರೆ, ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆಂದು ಅರ್ಥ. ಈ ಅಳತೆಯನ್ನು ಹಗಲಿನ ತಪಾಸಣೆಯ ಹೊತ್ತಿಗಿಂತ, ಕಿಟಕಿಗಳನ್ನು ಮುಚ್ಚಿ ಬಂಧುಗಳೂ ವಾರ್ಡಿನಲ್ಲೇ ಮಲಗಿರುವ ರಾತ್ರಿಯ ಹೊತ್ತಿನಲ್ಲಿ ತೆಗೆದುಕೊಳ್ಳುವುದು ಸೂಕ್ತ.