ಆಗಸದ ಮಹಾಪೂರ

‘ಪ್ರವಾಹ’ವೆಂಬ ಶಬ್ದಕ್ಕೆ ನಮ್ಮ ನುಡಿಯಲ್ಲಿ ಎರಡರ್ಥಗಳುಂಟು. ಹೊಳೆಯ ನೆರೆಯೂ ಪ್ರವಾಹವೇ, ತಂತಿಯಲ್ಲಿ ಹರಿಯುವ ವಿದ್ಯುತ್ತೂ ಪ್ರವಾಹವೇ. ಸಾಂಗಲಿ, ಮಿರಜಗಳಲ್ಲಿ ನೆಲೆಸಿದ ನಾವು ಮೊದಲನೆಯದನ್ನು ಚೆನ್ನಾಗಿ ಬಲ್ಲೆವು. ಮಳೆಗಾಲದಲ್ಲಿ ಕೊಯ್ನೆಯಿಂದ ನೀರೆಷ್ಟು ಬಿಟ್ಟರು, ಆಯರ್ವಿನ್ ಸೇತುವೆಯ ಬಳಿ ಕೃಷ್ಣೆ ಎಷ್ಟು ಅಡಿ ಏರಿದಳು ಎಂಬುದೇ ಮನೆಮನೆಯ ಮಾತು. ೪೦ ಅಡಿಗೆ ಎಚ್ಚರಿಕೆ, ೪೫ ಅಡಿಗೆ ಅಪಾಯ. ೨೦೧೯ರ ಆಗಸ್ಟಿನಲ್ಲಿ ಆಕೆ ೫೭ ಅಡಿಗಳನ್ನೂ ಮೀರಿದ್ದಳು. ಎರಡನೆಯ ಬಗೆಯ ಪ್ರವಾಹಕ್ಕೂ ಹೀಗೆಯೇ ಮಹಾಪೂರ ಬರುವುದುಂಟು. ಅದು ನಮ್ಮ ತಲೆಯ ಮೇಲೆ, ಕಣ್ಣಿಗೆ ಕಾಣದಂತೆ ಹರಿಯುತ್ತದೆ. ಅದಕ್ಕೂ ಅಳತೆಗೋಲು ಬೇಕು, ಮುನ್ಸೂಚನೆ ಬೇಕು.

ನೆಲದಿಂದ ಸುಮಾರು ೧೦೦ ಕಿ.ಮೀ. ಎತ್ತರದಲ್ಲಿ ಸೂರ್ಯನ ಪ್ರಖರ ಕಿರಣಗಳು ಗಾಳಿಯ ಕಣಗಳನ್ನು ಒಡೆದು ಅವುಗಳಿಗೆ ವಿದ್ಯುದಂಶವನ್ನು ಕೊಡುತ್ತವೆ. ಅಯಾನುಗೋಳವೆಂಬ ಈ ಪದರದಲ್ಲಿ ಹಗಲೆಲ್ಲ ವಿದ್ಯುತ್ತು ಹರಿದು ಇರುಳಿಗೆ ಕ್ಷೀಣಿಸುತ್ತದೆ. ಭಾರತದ ದಕ್ಷಿಣ ತುದಿಯ ಮೇಲೆ ಅದು ಇಕ್ಕಟ್ಟಾದ ಪಟ್ಟಿಯಾಗಿ ಪೂರ್ವಕ್ಕೆ ರಭಸದಿಂದ ಸಾಗುತ್ತದೆ. ೧೯೬೩ರಲ್ಲಿ ಆರಂಭವಾದ ರಾಕೆಟ್ಟುಗಳ ಉಡಾವಣೆಗೆ ಕೇರಳದ ತುಂಬಾ ಗ್ರಾಮವನ್ನು ಆರಿಸಿದ್ದು ಈ ಪಟ್ಟಿಯ ಅಭ್ಯಾಸಕ್ಕಾಗಿಯೇ. ಇನ್ನೂ ಮೇಲೆ, ಹತ್ತಾರು ಸಾವಿರ ಕಿ.ಮೀ. ದೂರದಲ್ಲಿ, ಭೂಮಿಯನ್ನು ಉಂಗುರದಂತೆ ಬಳಸಿ ಪಶ್ಚಿಮಕ್ಕೆ ಹರಿಯುವ ಮತ್ತೊಂದು ಪ್ರವಾಹವಿದೆ. ಪೂರ ಬರುವುದು ಮುಖ್ಯವಾಗಿ ಇದಕ್ಕೆ.

ಸೂರ್ಯನಿಂದ ವಿದ್ಯುತ್ಕಣಗಳ ಗಾಳಿಯೊಂದು ಸದಾ ಬೀಸುತ್ತಿರುತ್ತದೆ. ಈ ಸೌರಮಾರುತವು ಎಡೆಬಿಡದೆ ಬೀಸುವುದನ್ನೂ ಭೂಕಾಂತತ್ವದ ಮೇಲೆ ಅದರ ಪರಿಣಾಮವನ್ನೂ ಮ್ಯಾರಿನರ್-೨ ನೌಕೆಯ ಅಳತೆಗಳಿಂದ ತೋರಿಸಿಕೊಟ್ಟವರಲ್ಲಿ ಉಡುಪಿ ಸಮೀಪದ ಅದಮಾರಿನಲ್ಲಿ ಜನಿಸಿದ ಯು. ಆರ್. ರಾವ್ ಅವರೂ ಒಬ್ಬರೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಸೂರ್ಯನು ಒಮ್ಮೊಮ್ಮೆ ಕೋಟ್ಯಂತರ ಟನ್ ದ್ರವ್ಯವನ್ನು ಒಟ್ಟಿಗೆ ಹೊರಗೆಸೆಯುತ್ತಾನೆ. ಅದರೊಡನೆ ಬರುವ ಕಾಂತಕ್ಷೇತ್ರವು ದಕ್ಷಿಣಕ್ಕೆ ಮುಖ ಮಾಡಿದ್ದರೆ ಭೂಮಿಯ ಕಾಂತಕವಚವು ಅಣೆಕಟ್ಟಿನ ಬಾಗಿಲು ತೆರೆದಂತೆ ಶಕ್ತಿಯನ್ನು ಒಳಬಿಡುತ್ತದೆ. ಆಗ ಉಂಗುರಪ್ರವಾಹವು ಉಕ್ಕಿ, ನೆಲದ ಮೇಲಿನ ಕಾಂತಬಲವು ಕುಗ್ಗುತ್ತದೆ. ಇದೇ ಕಾಂತ ಬಿರುಗಾಳಿ. ಹೊಳೆಯ ಪೂರದಲ್ಲಿ ಅಳತೆಗೋಲಿನ ಅಂಕಿ ಏರುತ್ತದೆ. ಈ ಪೂರದಲ್ಲಿ ಅದು ಇಳಿಯುತ್ತದೆ.

ಇಂತಹ ಅಳತೆಗೋಲುಗಳಲ್ಲಿ ಜಗತ್ಪ್ರಸಿದ್ಧವಾದುದು ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿತ್ತು. ೧೮೫೯ರ ಸಪ್ಟೆಂಬರ್ ೧ರಂದು ಇಂಗ್ಲೆಂಡಿನ ಕ್ಯಾರಿಂಗ್ಟನ್ನನು ಸೂರ್ಯಬಿಂಬದಲ್ಲಿ ಹಠಾತ್ತನೆ ಹೊಳೆದ ಬೆಳಕನ್ನು ಕಂಡನು. ಸುಮಾರು ೧೮ ತಾಸುಗಳಲ್ಲಿ ಬಿರುಗಾಳಿ ಭೂಮಿಯನ್ನು ಮುಟ್ಟಿತು. ಅಮೇರಿಕೆಯಲ್ಲಿ ತಂತಿ ಯಂತ್ರಗಳು ಬ್ಯಾಟರಿಯಿಲ್ಲದೆಯೇ ನಡೆದವು. ಕೊಲಾಬಾದ ನೌಕರರು ಸೂಜಿಯ ಸ್ಥಾನವನ್ನು ಕಣ್ಣಿನಿಂದಲೇ ಓದಿ ದಪ್ತರದಲ್ಲಿ ಬರೆಯುತ್ತ ಹೋದರು. ನಮ್ಮ ಸೀಮೆಯಲ್ಲಿ ಭೂಮಿಯ ಅಡ್ಡದಿಕ್ಕಿನ ಕಾಂತಬಲ ಸುಮಾರು ೪೦,೦೦೦ ನ್ಯಾನೊಟೆಸ್ಲಾ. ದಿನನಿತ್ಯದ ಏರಿಳಿತ ಕೆಲವು ಹತ್ತುಗಳಷ್ಟು. ಅಂದು ಅದು ಸುಮಾರು ೧೬೦೦ರಷ್ಟು ಕುಸಿದಿತ್ತು. ೨೦೦೩ರಲ್ಲಿ ಸುರುತಾನಿ, ಲಖಿನಾ ಮೊದಲಾದ ವಿಜ್ಞಾನಿಗಳು ಆ ಅಂಕಿಗಳನ್ನೇ ಆಧರಿಸಿ ಆ ಬಿರುಗಾಳಿಯ ತೀವ್ರತೆಯನ್ನು ಲೆಕ್ಕ ಹಾಕಿದರು. ಹೆಸರೂ ಉಳಿಯದ ಆ ನೌಕರರ ಶ್ರದ್ಧೆ ೧೪೪ ವರ್ಷಗಳ ಬಳಿಕ ಫಲ ಕೊಟ್ಟಿತು.

ಮುಂದೆ ಮುಂಬಯಿಗೆ ವಿದ್ಯುತ್ ಟ್ರಾಮುಗಳು ಬರುವುದು ನಿಶ್ಚಯವಾದಾಗ ಅವುಗಳ ಪ್ರವಾಹದಿಂದ ಅಳತೆ ಕೆಡುವುದೆಂದು ನಿರ್ದೇಶಕರಾದ ಮೂಸ್ ಅವರ ಕಾಲದಲ್ಲಿ ಅಲಿಬಾಗದಲ್ಲಿ ಕಬ್ಬಿಣದ ಸೋಂಕಿಲ್ಲದ ಕಟ್ಟಡವನ್ನು ಕಟ್ಟಿದರು. ೧೯೦೪ರಲ್ಲಿ ಅಲ್ಲಿ ಆರಂಭವಾದ ಅಳತೆ ಭಾರತೀಯ ಭೂಕಾಂತತ್ವ ಸಂಸ್ಥೆಯ ಆಶ್ರಯದಲ್ಲಿ ಮುಂದುವರಿದಿದೆ. ನಮ್ಮ ನೆರೆಯ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿಯೂ ಈ ಸಂಸ್ಥೆ ರೇಡಾರ್ ಸ್ಥಾಪಿಸಿ ಸುಮಾರು ೮೦ ಕಿ.ಮೀ. ಮೇಲಣ ಗಾಳಿಗಳನ್ನು ಅಭ್ಯಸಿಸಿದೆ.

ಇದರಿಂದ ನಮಗೇನು ಎಂದು ಕೇಳಬಹುದು. ನೆಲದ ಮೇಲಿರುವವರ ದೇಹಕ್ಕೆ ಈ ಬಿರುಗಾಳಿಯಿಂದ ಬಾಧೆಯಿಲ್ಲ. ಬಾಧೆ ನಮ್ಮ ಉಪಕರಣಗಳಿಗೆ. ಕಾಂತಬಲವು ಥಟ್ಟನೆ ಏರಿಳಿದರೆ ಉದ್ದನೆಯ ತಂತಿಗಳಲ್ಲಿ ಬೇಡದ ವಿದ್ಯುತ್ತು ಹುಟ್ಟುತ್ತದೆ. ೧೯೮೯ರ ಮಾರ್ಚ್ ೧೩ರಂದು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಸುಮಾರು ೬೦ ಲಕ್ಷ ಜನ ಒಂಬತ್ತು ತಾಸು ಕತ್ತಲೆಯಲ್ಲಿದ್ದರು. ನಮ್ಮಂತಹ ಉಷ್ಣವಲಯದ ನಾಡುಗಳಿಗೆ ಆ ಭಯ ಕಡಿಮೆ, ಇಲ್ಲವೆಂದಲ್ಲ. ೨೦೧೩ರ ಡಿಸೆಂಬರ್ ೩೧ರಂದು ರಾಯಚೂರು–ಸೊಲ್ಲಾಪುರ ತಂತಿಯಿಂದ ದಕ್ಷಿಣದ ವಿದ್ಯುಜ್ಜಾಲವು ಉತ್ತರದ್ದಕ್ಕೆ ಕೂಡಿ, ದೇಶವೆಲ್ಲ ಒಂದೇ ಜಾಲವಾಗಿದೆ. ಗಡಿಯ ಎರಡೂ ಕಡೆಯ ದೀಪಗಳು ಈಗ ಒಂದೇ ತಂತಿಯ ಮಕ್ಕಳು. ಉಪಗ್ರಹಗಳು, ವಿಮಾನಗಳ ರೇಡಿಯೋ, ದಾರಿ ತೋರುವ ಜಿ.ಪಿ.ಎಸ್. ಎಲ್ಲವೂ ಬಿರುಗಾಳಿಗೆ ಅಂಜುತ್ತವೆ. ೨೦೨೪ರ ಮೇ ೧೦-೧೧ರ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯ ಆಗಸವೂ ಕೆಂಪೇರಿತ್ತು.

ಪೂರವನ್ನು ತಡೆಯಲಾಗದು; ಮುಂಚೆ ತಿಳಿದರೆ ಸಾಮಾನನ್ನಾದರೂ ಅಟ್ಟಕ್ಕೇರಿಸಬಹುದು. ಭಾರತದ ಆದಿತ್ಯ-ಎಲ್೧ ನೌಕೆಯು ೨೦೨೪ರ ಜನವರಿ ೬ರಂದು ೧೫ ಲಕ್ಷ ಕಿ.ಮೀ. ದೂರದ ತನ್ನ ನೆಲೆಯನ್ನು ಸೇರಿತು. ಅಲ್ಲಿ ಸೌರಮಾರುತದ ಬಿರುಸು ತಿಳಿದರೆ ನಮಗೆ ಅರ್ಧದಿಂದ ಒಂದು ತಾಸಿನ ಸಮಯ ಸಿಗುತ್ತದೆ. ಆದರೂ ನೆಲದ ಅಳತೆಯ ಹಳೆಯ ದಪ್ತರಗಳಿಲ್ಲದೆ ಯಾವ ಬಿರುಗಾಳಿ ಸಣ್ಣದು, ಯಾವುದು ದೊಡ್ಡದೆಂದು ಅರಿಯುವ ಬಗೆಯಿಲ್ಲ. ದಿನವೂ ತಪ್ಪದೆ ಒಂದು ಅಂಕಿಯನ್ನು ಬರೆದಿಡುವುದೆಂದರೆ ಮುಂದಿನ ಪೀಳಿಗೆಗೆ ಎಚ್ಚರಿಕೆಯನ್ನು ಬರೆದಿಟ್ಟಂತೆ. ನಮ್ಮ ಮಕ್ಕಳಲ್ಲಿ ಕೆಲವರಾದರೂ ಈ ಕಾಯಕಕ್ಕೆ ಮನಸ್ಸು ಕೊಡಲಿ.