ಹೊರಟವರ ಹಾಡು, ತಲುಪಿದವರ ಹಾಡು

ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮಗನೋ ಮಗಳೋ ಹೊರದೇಶದಲ್ಲಿರುವ ಮನೆಗಳು ಈಗ ಬಹಳ. ನಿಮ್ಮಲ್ಲೂ ಕೆಲವರು ನಾಳೆ ಹಾಗೆಯೇ ಹೊರಡುವವರು. ಊರು ಬಿಡುವ ಈ ಅನುಭವವನ್ನು ರಂಗಭೂಮಿ ಹಾಡಿನಲ್ಲಿ ಹೇಗೆ ಹಿಡಿದಿದೆ ಎಂಬುದನ್ನು ನೋಡೋಣ.

ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಪು.ತಿ. ನರಸಿಂಹಾಚಾರ್ಯರ 'ಗೋಕುಲ ನಿರ್ಗಮನ'. ಇದೊಂದು ಗೇಯನಾಟಕ. ಕಂಪನಿ ನಾಟಕಗಳಲ್ಲೂ ಹಾಡುಗಳಿದ್ದವು. ಆದರೆ ಅಲ್ಲಿ ಹಾಡು ಬಂದಾಗ ಎಷ್ಟೋ ಸಲ ಕಥೆ ನಿಂತು ಕಾಯುತ್ತಿತ್ತು. 'ಒನ್ಸ್ ಮೋರ್' ಕೂಗು ಬಿದ್ದರೆ ಸತ್ತ ಪಾತ್ರವೂ ಎದ್ದು ಹಾಡುತ್ತಿತ್ತು ಎಂಬ ಹಾಸ್ಯ ನಿಮಗೆ ಗೊತ್ತಿರಬಹುದು. ಗೇಯನಾಟಕದಲ್ಲಿ ಕಥೆಯನ್ನು ನಡೆಸುವುದೇ ಹಾಡು.

ಅಕ್ರೂರ ಕರೆಯಲು ಬರುತ್ತಾನೆ, ಕೃಷ್ಣ ಮಥುರೆಗೆ ಹೊರಡುತ್ತಾನೆ, ಗೋಕುಲ ಹಿಂದೆ ಉಳಿಯುತ್ತದೆ. ಮುಂದೇನಾಗುವುದೆಂಬ ಕುತೂಹಲ ಪ್ರೇಕ್ಷಕರಿಗಿಲ್ಲ. ಅವನು ಹೋಗುವುದು ಎಲ್ಲರಿಗೂ ಗೊತ್ತು. ಉಳಿದವರು ಅವನನ್ನು ಹೇಗೆ ಕಳುಹಿಸಿಕೊಡುತ್ತಾರೆ ಎಂಬುದಷ್ಟೇ ಪ್ರಶ್ನೆ. ಇಲ್ಲಿ ಹಾಡು ಏಕೆ ಬೇಕು? ನಾವು ಮಾತನಾಡುವಾಗ ಒಂದು ಸೆಕೆಂಡಿಗೆ ನಾಲ್ಕೈದು ಅಕ್ಷರಗಳು ಕಳೆದುಹೋಗುತ್ತವೆ. ಹಾಡಿನಲ್ಲಿ ಒಂದೇ ಸ್ವರಾಕ್ಷರವನ್ನು ಅದರ ಹತ್ತರಷ್ಟು ಕಾಲ ಎಳೆಯಬಹುದು. ನಿಜಜೀವನದಲ್ಲಿ ಕ್ಷಣದಲ್ಲಿ ಮುಗಿಯುವ ಬೀಳ್ಕೊಡುಗೆಯನ್ನು ಹಾಡು ನಮ್ಮ ಮುಂದೆ ನಿಲ್ಲಿಸಿಕೊಡುತ್ತದೆ. ಸ್ವತಃ ಸಂಗೀತ ಬಲ್ಲವರಾಗಿದ್ದ ಪು.ತಿ.ನ. ಅವರಿಗೆ ಈ ಗುಟ್ಟು ಚೆನ್ನಾಗಿ ತಿಳಿದಿತ್ತು.

ಮೇಲುಕೋಟೆಯಲ್ಲಿ 1905ರಲ್ಲಿ ಹುಟ್ಟಿದ ಈ ಕವಿಯ ಮನೆಮಾತು ತಮಿಳು. ಬಸವನಗುಡಿಯ ಪಕ್ಕದ ಗವಿಪುರದಲ್ಲಿದ್ದ ಮಾಸ್ತಿಯವರ ಮನೆಮಾತೂ ಅದೇ. ಎಂದೋ ವಲಸೆ ಬಂದ ಮನೆತನಗಳ ಮಕ್ಕಳು ಬಂದ ನಾಡಿನ ಭಾಷೆಯಲ್ಲೇ ಹಿರಿಯ ಲೇಖಕರಾದರು. ವಲಸೆ ಎಂದೊಡನೆ ವಿಮಾನವನ್ನಷ್ಟೇ ನೆನೆಯುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಈ ನಾಟಕವನ್ನು ಬೆನಕ ತಂಡಕ್ಕೆ ನಿರ್ದೇಶಿಸಿದ ಬಿ.ವಿ. ಕಾರಂತರಂತೂ ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರು.

ಇನ್ನು ಹೋದವರು ತಲುಪಿದ ಮೇಲಿನ ಕಥೆ. 1948ರ ಜೂನ್ 22ರಂದು 'ಎಂಪೈರ್ ವಿಂಡ್‌ರಷ್' ಎಂಬ ಹಡಗಿನಿಂದ ನೂರಾರು ಕೆರಿಬಿಯನ್ ಜನರು ಲಂಡನ್ ಬಳಿಯ ಟಿಲ್ಬರಿಯಲ್ಲಿ ಇಳಿದರು. ಅವರ ಮೇಲೆ ಪಾಲ್ ಸಿರೆಟ್ ಮತ್ತು ಪಾಲ್ ಜೋಸೆಫ್ ರಚಿಸಿದ 'ದಿ ಬಿಗ್ ಲೈಫ್' ಸಂಗೀತ ನಾಟಕ 2004ರಲ್ಲಿ ಲಂಡನ್ನಿನ ಸ್ಟ್ರಾಟ್‌ಫರ್ಡ್ ಈಸ್ಟ್ ರಂಗಮಂದಿರದಲ್ಲಿ ಬಂದಿತು. ಹೆಂಗಸರನ್ನೂ ಮದ್ಯವನ್ನೂ ಮೂರು ವರ್ಷ ಮುಟ್ಟದೆ ದುಡಿದು ಮುಂದೆ ಬರುತ್ತೇವೆಂದು ನಾಲ್ವರು ಗಂಡಸರು ಹಡಗಿನಲ್ಲೇ ಶಪಥ ಮಾಡುತ್ತಾರೆ. ಶಪಥ ಏನಾಯಿತೆಂದು ಹೇಳಬೇಕಾಗಿಲ್ಲ. ಕಥೆಯ ಎಳೆ ಷೇಕ್ಸ್‌ಪಿಯರನ ಒಂದು ಹಾಸ್ಯ ನಾಟಕದ್ದು.

ಇದರ ಸಂಗೀತ ಜಮೈಕಾದಲ್ಲಿ ಹುಟ್ಟಿದ 'ಸ್ಕಾ'. ಒಂದು ಪ್ರಯೋಗ ಮಾಡಿ ನೋಡಿ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತ ಕಾಲಿನಿಂದ ನೆಲ ತಟ್ಟಿ. ಚಪ್ಪಾಳೆಯನ್ನು ಮಾತ್ರ ಎರಡು ಎಣಿಕೆಗಳ ನಡುವೆ ಹಾಕಿ. ಆ ನಡುವಿನ ಪೆಟ್ಟನ್ನೇ ಸ್ಕಾದಲ್ಲಿ ಗಿಟಾರು ಬಾರಿಸುವುದು. ದೇಹ ತಾನಾಗಿ ಪುಟಿಯುತ್ತದೆ. ಬಾಡಿಗೆ ಕೋಣೆ ಸಿಗದ, ಕೆಲಸ ಸಿಗದ ಕಷ್ಟಗಳನ್ನು ಇಂಥ ಪುಟಿಯುವ ಲಯದಲ್ಲಿ ಹಾಡಿರುವುದೇ ಈ ನಾಟಕದ ಜಾಣತನ. ಮರುಕ ಬೇಡುವ ಪಾತ್ರಗಳಾಗಿ ಇವರನ್ನು ಕಾಣಲು ಅದು ಬಿಡುವುದಿಲ್ಲ.

ನಮ್ಮ ನಾಟಕ ಹೆಸರೇ ಹೇಳುವಂತೆ ನಿರ್ಗಮನದ್ದು. ಅಲ್ಲಿ ಹಿಂದೆ ಉಳಿದ ಊರಿನ ಕೊರಳಿದೆ. ಹೋದ ಊರಿನಲ್ಲಿ ಹೇಗೆ ಬೇರೂರಿದರು ಎಂಬುದು ಅದರ ವಿಷಯವಲ್ಲ. ಲಂಡನ್ನಿನ ನಾಟಕ ಹಡಗಿನಿಂದಲೇ ಶುರು. ಕಿಂಗ್‌ಸ್ಟನ್ನಿನಲ್ಲಿ ಉಳಿದ ತಾಯಂದಿರ ಪಾಡು ಅದರ ವಿಷಯವಲ್ಲ. ನನಗೆ ಎರಡೂ ಅರ್ಧ ಕಥೆಗಳೆನಿಸುತ್ತವೆ, ಒಂದು ಇನ್ನೊಂದರ ಅರ್ಧ.

ತಲುಪಿದ ಮೇಲೂ ಎಲ್ಲವೂ ಮುಗಿಯುವುದಿಲ್ಲ. ಆ ವರ್ಷಗಳಲ್ಲಿ ಮಕ್ಕಳಾಗಿ ಬ್ರಿಟನ್ನಿಗೆ ಬಂದು, ಅಲ್ಲೇ ಓದಿ, ದುಡಿದು, ಮುದುಕರಾದವರಲ್ಲಿ ಹಲವರಿಗೆ ತಕ್ಕ ಕಾಗದಪತ್ರಗಳಿಲ್ಲವೆಂದು ಕೆಲಸ, ಚಿಕಿತ್ಸೆಗಳು ತಪ್ಪಿದ್ದು, ಕೆಲವರನ್ನು ದೇಶದಿಂದಲೇ ಕಳುಹಿಸಿದ್ದು 2018ರಲ್ಲಿ ದೊಡ್ಡ ಸುದ್ದಿಯಾಯಿತು. ಸರ್ಕಾರ ಕ್ಷಮೆ ಕೇಳಿತು. 2024ರಲ್ಲಿ 'ದಿ ಬಿಗ್ ಲೈಫ್' ಅದೇ ರಂಗಮಂದಿರಕ್ಕೆ ಮರಳಿದಾಗ ಹಡಗಿನ ಮೇಲಿನ ಆ ಶಪಥವನ್ನು ಜನ ಈ ಸುದ್ದಿಯನ್ನು ಬಲ್ಲವರಾಗಿಯೇ ಕೇಳಿದರು.